ಸೂಜಿಯಕ್ಕನ ‘ಇಲ್ಲ’

“ಇನ್ನೊಂದ್ ಸಲ ಹೇಳಿ ತಾಯಿ. ಬೀರು ಕಡೆ ತಿರುಗಿ ಹೇಳಿದ್ರೆ ಆಗಲ್ಲ, ನನ್ನ ಮುಖ ನೋಡ್ಕೊಂಡು ಹೇಳಿ” ಎಂದರು ಮೇಷ್ಟ್ರು.

ಶಾಸಕಿ ಮೇಷ್ಟ್ರ ಮುಖ ನೋಡಿ ಬಾಯಿ ತೆರೆದಳು. ‘ಇಲ್ಲ’ ಎನ್ನುವ ಎರಡಕ್ಷರ ಗಂಟಲ ತನಕ ಬಂದು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಿತು. ಕೊನೆಗೆ ಮೇಜಿನ ಮೇಲಿನ ಪೇಪರ್‌ವೇಟಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಹೇಳಿದಳು. ಶಾಲೆಯಿಂದ ನಿವೃತ್ತರಾಗಿ ಅವಳ ಕಚೇರಿಯ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಮೇಷ್ಟ್ರು, ಮೂವತ್ತು ವರ್ಷ ಮಕ್ಕಳ ಬಾಯಿ ಮುಚ್ಚಿಸಿದ ಪಾಪಕ್ಕೆ ಈಗ ಶಾಸಕಿಯ ಬಾಯಿ ತೆರೆಸುವ ಶಿಕ್ಷೆ ಬಂತು ಎಂದು ಹಣೆ ಚಚ್ಚಿಕೊಂಡರು.

ತಪ್ಪು ಅವಳದಲ್ಲ. ಅವಳು ಗುಡ್ಡದ ಜನರ ಪೈಕಿ. ಬೇರೆಯವರೆಲ್ಲ ಬರುವ ಮೊದಲೇ ಆ ಕಾಡಿನಲ್ಲಿ ಇದ್ದವರು. ಅವರಲ್ಲಿ ಹಿರಿಯರ ಮುಖಕ್ಕೆ ಯಾರೂ ‘ಇಲ್ಲ’ ಎನ್ನುವುದಿಲ್ಲ. ಒಪ್ಪಿಗೆ ಇದ್ದರೆ ಮಾತಾಡುತ್ತಾರೆ, ಇಲ್ಲದಿದ್ದರೆ ಸುಮ್ಮನಿರುತ್ತಾರೆ. ಕೇಳಲು ಬಂದವರು ಆ ಸುಮ್ಮನಿರುವಿಕೆಯನ್ನು ಸ್ವಲ್ಪ ಹೊತ್ತು ನೋಡಿ, ಕೈ ಮುಗಿದು ಎದ್ದು ಹೋಗುತ್ತಾರೆ. ಜಗಳವಿಲ್ಲ, ಯಾರ ಮರ್ಯಾದೆಯೂ ಹೋಗುವುದಿಲ್ಲ.

ತಾಯಿ ಸತ್ತ ಮೇಲೆ ಅವಳನ್ನು ಸಾಕಿದ್ದು ಸೋದರತ್ತೆ. ಹಾಗೆ ಬೆಳೆದ ಶಾಸಕಿಯೇ ನರ್ಸ್ ತರಬೇತಿ ಮುಗಿಸಿದ ಗುಡ್ಡದ ಮೊದಲ ಹುಡುಗಿ. ಹದಿನೆಂಟು ವರ್ಷ ಲಸಿಕೆಯ ತಂಪುಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ನಲವತ್ತು ಹಾಡಿ ಸುತ್ತಿದಳು. ಮಕ್ಕಳು ದೂರದಿಂದಲೇ ಕಂಡು ಓಡುತ್ತಿದ್ದರು, ಸೂಜಿಯಕ್ಕ ಎಂಬ ಹೆಸರು ಹಾಗೆ ಅಂಟಿಕೊಂಡಿತು. ಚುನಾವಣೆಗೆ ನಿಂತಾಗ, ಸೂಜಿ ಚುಚ್ಚೋಳು ಕಾನೂನು ಮಾಡ್ತಾಳಂತೆ ಎಂದು ಎದುರಾಳಿ ನಕ್ಕಿದ್ದ. ಅವನಿಗೂ ನಾನೇ ಚುಚ್ಚಿದ್ದೆ, ಆಗ ಅತ್ತಿದ್ದ ಎಂದು ಇವಳು ಹೇಳಿದ್ದಕ್ಕೆ ಇಡೀ ಸಂತೆ ನಕ್ಕಿತು. ಗೆದ್ದಳು.

ಆದರೆ ಮೊದಲ ವರ್ಷವೇ ಎಡವಿದಳು. ಮೇಲಿನ ಕಾಡಿಗೆ ಬೇಲಿ ಹಾಕುವ ಮಸೂದೆ ಬಂತು. ಯಾರದಾದರೂ ವಿರೋಧ ಇದೆಯೇ ಎಂದು ಸ್ಪೀಕರ್ ಕೇಳಿದಾಗ ಅವಳು ಬೆನ್ನು ನೆಟ್ಟಗೆ ಮಾಡಿ, ಮಂತ್ರಿಯನ್ನೇ ದಿಟ್ಟಿಸಿ, ಗುಡ್ಡವೇ ಬಂದು ಕೂತ ಹಾಗೆ ಸುಮ್ಮನೆ ಕೂತಳು. ಇದಕ್ಕಿಂತ ಗಟ್ಟಿಯಾಗಿ ವಿರೋಧಿಸುವುದು ಅವಳಿಗೆ ತಿಳಿದಿರಲಿಲ್ಲ. ಊರಿಗೆ ಹೋಗಿ, ಒಪ್ಪಲಿಲ್ಲ ಅತ್ತೆ ಎಂದಳು. ಮರುದಿನದ ಪೇಪರಿನಲ್ಲಿ ‘ಸರ್ವಾನುಮತದಿಂದ ಅಂಗೀಕಾರ’ ಎಂದು ಬಂದಿತ್ತು. ನಮ್ಮ ಕಡೆ ಮೌನಂ ಸಮ್ಮತಿ ಲಕ್ಷಣಂ ಅಂತಾರೆ ತಾಯಿ ಎಂದು ಮೇಷ್ಟ್ರು ತಲೆ ತಗ್ಗಿಸಿ ವಿವರಿಸಿದರು.

“ಎಂಥ ಜನ ನೀವು?” ಎಂದಿದ್ದಳು ಅವಳು. “ಬಾಯಿ ಬಿಡದವರ ಬಾಯಲ್ಲೂ ಹೌದು ಅನ್ನಿಸ್ತೀರಿ.”

ಮೇಲಿನ ಕಾಡು ಹೋಯಿತು. ಇವತ್ತು ಬರುವ ಮಸೂದೆ ಕೆಳಗಿನ ಇಳಿಜಾರಿನದು. ಅಲ್ಲಿನ ಮುನ್ನೂರು ಮನೆಗಳನ್ನೇ ಎತ್ತಿಸುವುದು. ತಲೆ ಎಣಿಸಿದರೆ ನಾವು ಅದರ ಪರವಾಗಿ ಎದ್ದು ನಿಲ್ಲಲ್ಲ ಎಂದು ಹಲವರು ಅವಳ ಕಿವಿಯಲ್ಲಿ ಹೇಳಿದ್ದರು. ಆದರೆ ಎಣಿಸಬೇಕಾದರೆ ಮೊದಲು ಯಾರಾದರೂ ಸ್ಪೀಕರ್ ಮುಖಕ್ಕೆ ‘ಇಲ್ಲ’ ಎನ್ನಬೇಕು. ಬೆಕ್ಕಿಗೆ ಗಂಟೆ ಕಟ್ಟಲು ಅವರಲ್ಲಿ ಒಬ್ಬರೂ ತಯಾರಿರಲಿಲ್ಲ. ಸ್ಪೀಕರೋ ತಲೆಯೆಲ್ಲ ಬೆಳ್ಳಗಾದ, ಮೊಮ್ಮಕ್ಕಳ ಸುದ್ದಿ ಹೇಳುವ ಮುದುಕರು. ಸಾಲದ್ದಕ್ಕೆ, ಬೆಳಗಿನ ಬಸ್ಸಿಗೆ ಅತ್ತೆ ಬಂದು ಇಳಿದಿದ್ದಳು, ಗ್ಯಾಲರಿಯಲ್ಲಿ ಕೂತು ನೋಡುತ್ತೇನೆಂದು.

ಮಧ್ಯಾಹ್ನ ಮಸೂದೆ ಬಂತು. ಮಂತ್ರಿ ಓದಿದರು, ಯಾರೋ ಆಕಳಿಸಿದರು, ಪರವಾಗಿರುವವರು ಹೌದು ಎನ್ನಿ ಎಂದಾಗ ಸಭೆ ಅಭ್ಯಾಸಬಲದಿಂದ ಹೌದು ಎಂದಿತು. ವಿರೋಧವಿರುವವರು ಎಂದು ಸ್ಪೀಕರ್ ಆಗಲೇ ಮುಂದಿನ ಹಾಳೆ ತಿರುವುತ್ತಿದ್ದರು.

ಅವಳು ಎದ್ದಳು. ಮೇಲೆ ಗ್ಯಾಲರಿ ಕಡೆ ನೋಡಲಿಲ್ಲ, ನೋಡಿದರೆ ಕೂತುಬಿಡುತ್ತೇನೆಂದು ಗೊತ್ತಿತ್ತು. ಆ ಬಿಳಿ ತಲೆಯನ್ನೇ ನೋಡುತ್ತ ಹೇಳಿದಳು:

“ಇಲ್ಲ. ನಾನು ಒಪ್ಪಲ್ಲ. ತಲೆ ಎಣಿಸಿ.”

ಮೈಕ್ ಇನ್ನೂ ಹಾಕಿರಲಿಲ್ಲ, ಆದರೂ ಹಿಂದಿನ ಸಾಲಿನ ತನಕ ಕೇಳಿಸಿತು. ಗುಡ್ಡದಿಂದ ಗುಡ್ಡಕ್ಕೆ ಕೂಗಿ ಬೆಳೆದ ಗಂಟಲು. ಪರವಾಗಿರುವವರನ್ನು ಎಬ್ಬಿಸಿ ಎಣಿಸುವಾಗ ಮಂತ್ರಿಯ ಪಕ್ಷದವರೇ ಹನ್ನೊಂದು ಮಂದಿ ಚಪ್ಪಲಿ ಹುಡುಕುವವರ ಹಾಗೆ ಬಗ್ಗಿ ಕೂತೇ ಇದ್ದರು. ನಾಲ್ಕು ತಲೆ ಕಡಿಮೆ ಬಿದ್ದು ಮಸೂದೆ ಬಿತ್ತು.

ಹೊರಗೆ ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತಿದ್ದರು. ಯಾರೋ ಬೆನ್ನು ತಟ್ಟಿದರು. ಅವಳ ಕಣ್ಣು ಹುಡುಕುತ್ತಿದ್ದುದು ಅತ್ತೆಯನ್ನು. ಅತ್ತೆ ಕಾರಿಡಾರಿನ ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಹತ್ತಿರ ಹೋದರೂ ಮಾತಾಡಲಿಲ್ಲ. ಆ ಸುಮ್ಮನಿರುವಿಕೆಯ ಅರ್ಥ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪಕ್ಕದಲ್ಲಿ ಕೂತು ಕಾದಳು.

“ಅಷ್ಟು ವಯಸ್ಸಾದವರಿಗೆ ಮುಖದ ಮೇಲೆ ಹೊಡೆದ ಹಾಗೆ ಹೇಳಿದೆಯಲ್ಲೇ” ಎಂದಳು ಅತ್ತೆ.

“ಹೌದತ್ತೆ.”

“ಅವರಿಗೆ ನೋವಾಯ್ತಾ?”

“ಇಲ್ಲ. ಇಲ್ಲಿ ಯಾರಿಗೂ ಆಗಲ್ಲ.”

“ನಿನಗೆ?”

ಅತ್ತೆ ಅವಳ ಬೆವೆತ ಅಂಗೈಯನ್ನು ತೆಗೆದುಕೊಂಡು ತನ್ನ ಸೆರಗಿನಿಂದ ಒರೆಸಿದಳು, ಒಂದೊಂದೇ ಬೆರಳು.

“ಮನೆ ಉಳೀತಲ್ಲ” ಎಂದಳು. “ಮುಂದಿನ ಸಲಾನೂ ನೀನೇ ಇಲ್ಲ ಅನ್ನು. ಅವರ ಹತ್ರ ತಪ್ಪಾಯ್ತು ಅಂತ ನಾನು ಹೇಳ್ಕೋತೀನಿ, ಅದು ಹಿರಿಯರ ಕೆಲಸ.”

ಅಷ್ಟರಲ್ಲಿ ಸ್ಪೀಕರ್ ಹಿಂದೆ ಮುಂದೆ ಹತ್ತು ಜನರ ಸಮೇತ ಬಂದರು. ನುಣುಪು ನೆಲದಲ್ಲಿ ಜಾರುತ್ತದೆಂದು ಚಪ್ಪಲಿ ಕೈಯಲ್ಲಿ ಹಿಡಿದು ಅತ್ತೆ ಎದ್ದು, ನಡು ಕಾರಿಡಾರಿನಲ್ಲಿ ಅವರೆದುರು ನಿಂತು, ಚಪ್ಪಲಿ ಸಮೇತ ಕೈ ಮುಗಿದಳು. ಏನೆಂದು ತಿಳಿಯದಿದ್ದರೂ ಮುದುಕರು ಕೈ ಮುಗಿದು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು. ಹತ್ತೂ ಜನ ಗೋಡೆಗೆ ಒತ್ತಿದರು. ಅತ್ತೆ ನಿಧಾನವಾಗಿ ನಡುವೆ ನಡೆದು ಹೋದಳು.