ಹದಿನೆಂಟನೆಯ ಗುಳಿ

"ಹೋಗೋದಾದ್ರೆ ಮಗಳ ಹತ್ರ ನೆಟ್ಟಗೆ ಮಾತಾಡ್ಕೊಂಡು ಬನ್ನಿ. ಮುಖ ಊದಿಸ್ಕೊಂಡು ಹೋಗೋದಾದ್ರೆ ಇಲ್ಲೇ ಬಿದ್ದಿರಿ," ಎಂದು ಹೆಂಡತಿ ಬಾಗಿಲಲ್ಲೇ ಹೇಳಿದಳು. ದೊಡ್ಡ ಮಾಲಿ ಅವಳಿಗೆ ಎದುರುತ್ತರ ಕೊಟ್ಟು ಗೆದ್ದದ್ದು ನಲವತ್ತೊಂದು ವರ್ಷದ ಸಂಸಾರದಲ್ಲಿ ಒಂದು ಸಲವೂ ಇರಲಿಲ್ಲ. ಬೂಟಿನ ದಾರ ಬಿಗಿದು, ಎರಡೂ ಮಂಡಿಯ ಮೇಲೆ ಕೈಯೂರಿ ಎದ್ದು, ಗಾಲ್ಫ್ ಮೈದಾನದ ಕಡೆಗೆ ಹೊರಟ.

ರೆಸಾರ್ಟೊಂದಕ್ಕೆ ಸೇರಿದ ಆ ಮೈದಾನದಲ್ಲಿ ಅವನು ಮೂವತ್ತೊಂದು ವರ್ಷ ಹುಲ್ಲಿನ ಮುಖ್ಯಸ್ಥನಾಗಿದ್ದವನು. ಕಾಗದದ ಮೇಲೆ ಅದಕ್ಕೊಂದು ಮಾರುದ್ದದ ಹುದ್ದೆಯ ಹೆಸರಿತ್ತು. ಬಾಯಲ್ಲಿ ಮಾತ್ರ ಎಲ್ಲರಿಗೂ ದೊಡ್ಡ ಮಾಲಿಯೇ. ನಿವೃತ್ತನಾಗಿ ಮೂರು ವರ್ಷವಾಗಿತ್ತು. ಅವನ ಜಾಗಕ್ಕೆ ಬಂದವಳು ಬೇರೆ ಯಾರೂ ಅಲ್ಲ, ಅವನ ಒಬ್ಬಳೇ ಮಗಳು. ಹುಲ್ಲು ಮಣ್ಣುಗಳ ವಿದ್ಯೆಯನ್ನು ಕಾಲೇಜಿನಲ್ಲಿ ಓದಿಕೊಂಡು ಬಂದವಳು. ಆಗ ದೊಡ್ಡ ಮಾಲಿ ದಾರಿಯಲ್ಲಿ ಸಿಕ್ಕವರನ್ನೆಲ್ಲ ಹಿಡಿದು ನಿಲ್ಲಿಸಿ ಆ ಸುದ್ದಿ ಹೇಳಿದ್ದೇ ಹೇಳಿದ್ದು. ಕೇಳಿ ಕೇಳಿ ಸಾಕಾಗಿ ಕ್ಷೌರದಂಗಡಿಯವನು ಅವನನ್ನು ಕಂಡರೆ ಒಳಗೆ ಹೋಗಿಬಿಡುತ್ತಿದ್ದ.

ಆರೇ ತಿಂಗಳಿಗೆ ಮೈದಾನದ ನವೀಕರಣ ಶುರುವಾಯಿತು. ನೂರ ಹತ್ತು ವರ್ಷ ಹಳೆಯ ಮೈದಾನ. ನೆಲದಡಿಯ ಕೊಳವೆಗಳನ್ನೆಲ್ಲ ಕಿತ್ತರು, ಗ್ರೀನುಗಳನ್ನು, ಎಂದರೆ ಚೆಂಡು ಬೀಳಬೇಕಾದ ಗುಳಿಯ ಸುತ್ತಲಿನ ನುಣ್ಣನೆಯ ಹುಲ್ಲುಹಾಸುಗಳನ್ನು, ಬುಡದಿಂದ ಅಗೆದು ಹೊಸದಾಗಿ ಹಾಸಿದರು. ಇದೆಲ್ಲಕ್ಕೂ ಅವನ ತಕರಾರಿರಲಿಲ್ಲ. ಏಳನೆಯ ಗ್ರೀನಿನ ಪಕ್ಕದ ಮಳೆಮರವೊಂದನ್ನು ಬಿಟ್ಟುಬಿಡು ಎಂದು ಮಗಳನ್ನು ಕೇಳಿದ್ದ. ಅವಳ ಹತ್ತಿರ ಬಾಯಿಬಿಟ್ಟು ಅವನು ಏನನ್ನಾದರೂ ಕೇಳಿದ್ದು ಅದೇ ಮೊದಲು. "ಆಗಲ್ಲಪ್ಪ, ಯಾಕಂದ್ರೆ..." ಎಂದು ಅವಳು ಶುರುಮಾಡುವಷ್ಟರಲ್ಲಿ ಎದ್ದು ಬಂದುಬಿಟ್ಟಿದ್ದ. ಮರುವಾರ ಮರ ಉರುಳಿತು. ಅಲ್ಲಿಂದ ಎರಡು ವರ್ಷ ಮೈದಾನಕ್ಕೆ ಕಾಲಿಡಲಿಲ್ಲ, ಮಗಳ ಜೊತೆ ಮಾತೂ ಆಡಲಿಲ್ಲ. ಸಿಬ್ಬಂದಿ ಮನೆಯಲ್ಲಿದ್ದ ಅವಳು ವಾರದ ರಜೆಗೆ ಬಂದು ಎದುರಿಗೆ ಊಟಕ್ಕೆ ಕೂತರೆ, "ಅವಳಿಗೆ ಉಪ್ಪು ಬೇಕೇನೋ ಕೇಳು," ಎಂದು ಹೆಂಡತಿಗೆ ಹೇಳುತ್ತಿದ್ದ. "ಬೇಡ ಅಂತ ಹೇಳಮ್ಮ," ಎಂದು ಮಗಳು ಅನ್ನುತ್ತಿದ್ದಳು. ತಾಯಿ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಈಗ ಹೋಗದೆ ವಿಧಿಯಿರಲಿಲ್ಲ. ಆ ಮೈದಾನದಲ್ಲಿ ಮೊದಲಿನಿಂದ ನಡೆದುಬಂದ ಒಂದು ಪದ್ಧತಿಯಿದೆ. ಯಾವುದೇ ದೊಡ್ಡ ಕೆಲಸ ಮುಗಿದಮೇಲೆ, ಅತಿಥಿಗಳಿಗೆ ಬಾಗಿಲು ತೆರೆಯುವ ಮುಂಚೆ, ಈಗಿನ ಮುಖ್ಯಸ್ಥ ಮತ್ತು ಹಿಂದಿನ ಮುಖ್ಯಸ್ಥ ಸೇರಿ ಒಂದು ಸುತ್ತು ಆಡಬೇಕು. ಇಬ್ಬರಿಗೂ ಒಂದೇ ಚೆಂಡು. ಅವನೊಂದು ಹೊಡೆತ, ಇವನೊಂದು ಹೊಡೆತ. ಹದಿನೇಳು ಗುಳಿಗಳನ್ನು ಈಗಿನವರು ಕೊರೆದಿಟ್ಟಿರುತ್ತಾರೆ. ಹದಿನೆಂಟನೆಯ ಗ್ರೀನಿನಲ್ಲಿ ಮಾತ್ರ ಗುಳಿಯಿರುವುದಿಲ್ಲ. ಚೆಂಡು ಅದರ ಮೇಲೆ ಬಂದು ನಿಂತಮೇಲೆ ಹಿಂದಿನವನು ಒಮ್ಮೆ ಓಡಾಡಿ ನೋಡುತ್ತಾನೆ. ಒಪ್ಪಿಗೆಯಾದರೆ ತನ್ನ ಕೈಯಾರೆ ಗುಳಿ ಕೊರೆಯುತ್ತಾನೆ, ಆಟ ಮುಗಿಯುತ್ತದೆ, ಮಾರನೇ ದಿನ ಗೇಟು ತೆರೆಯುತ್ತದೆ. ಒಪ್ಪಿಗೆಯಾಗದಿದ್ದರೆ ಚೆಂಡನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋಗುತ್ತಾನೆ. ಅಲ್ಲಿಗೆ ಮುಗಿಯಿತು, ಗೇಟಿಗೆ ಬೀಗ.

ಹಾಗೆ ಬೀಗ ಹಾಕಿಸಿಕೊಂಡವನು ದೊಡ್ಡ ಮಾಲಿಯೇ. ಇಪ್ಪತ್ತಾರು ವರ್ಷದ ಹಿಂದೆ, ಪ್ರವಾಹಕ್ಕೆ ಕೊಚ್ಚಿಹೋದ ಮೂರು ಗ್ರೀನುಗಳನ್ನು ಅವನು ಹೊಸದಾಗಿ ಕಟ್ಟಿದ್ದಾಗ, ಹಿಂದಿನ ಮುಖ್ಯಸ್ಥನಾಗಿದ್ದ ಮೀಸೆ ತಾತ ಚೆಂಡನ್ನು ಜೇಬಿಗಿಳಿಸಿ ತುಟಿ ಪಿಟಕ್ಕೆನ್ನದೆ ನಡೆದುಬಿಟ್ಟಿದ್ದ. ಹತ್ತೊಂಬತ್ತು ದಿನ ಇವನು ತಲೆ ಕೆರೆದುಕೊಂಡ, ನೀರು ಬದಲಿಸಿದ, ಮರಳು ಬದಲಿಸಿದ. ಇಪ್ಪತ್ತನೇ ದಿನ ತಾತ ಬಂದು ಗುಳಿ ಕೊರೆದ, ಆಗಲೂ ಏನೂ ಹೇಳಲಿಲ್ಲ. ಏನು ತಪ್ಪಿತ್ತೋ ಇವತ್ತಿಗೂ ಗೊತ್ತಿಲ್ಲ. ಕೇಳೋಣವೆಂದರೆ ತಾತ ಹೋಗಿ ಹನ್ನೆರಡು ವರ್ಷವಾಯಿತು.

ಮೊದಲ ಹೊಡೆತದ ದಿಬ್ಬದ ಹತ್ತಿರ ಮಗಳು ಕಾಯುತ್ತಿದ್ದಳು. ತಲೆಗೆ ಟೋಪಿ, ಮೊಣಕಾಲವರೆಗೆ ಬೂಟು, ಸೊಂಟದಲ್ಲಿ ಬೀಗದ ಕೈ ಗೊಂಚಲು. ಅವಳ ಪಕ್ಕದಲ್ಲಿ ರೆಸಾರ್ಟಿನ ಮ್ಯಾನೇಜರು, ಸುಮ್ಮನೆ ನಿಂತಲ್ಲೇ ಬೆವರುತ್ತಿದ್ದರು.

"ನಾಳೆ ಬೆಳಿಗ್ಗೆ ಅತಿಥಿಗಳು ಬರ್ತಾರೆ ಯಜಮಾನ್ರೇ, ಒಂದು ಕೋಣೇನೂ ಖಾಲಿ ಇಲ್ಲ," ಎಂದು ಅವರು ಹಲ್ಲುಬಿಟ್ಟರು.

"ಸಂತೋಷ," ಎಂದ ದೊಡ್ಡ ಮಾಲಿ. ಮ್ಯಾನೇಜರಿಗೆ ಸಂತೋಷವೇನೂ ಆಗಲಿಲ್ಲ.

ಹುಲ್ಲಿನ ವಿಷಯದಲ್ಲಿ ದೊಡ್ಡ ಮಾಲಿಯನ್ನು ಮೀರಿಸುವವರಿರಲಿಲ್ಲ. ಆಟದ ವಿಷಯದಲ್ಲಿ ಅವನಿಗಿಂತ ಕೆಟ್ಟವರೂ ಇರಲಿಲ್ಲ. ಮೊದಲ ಹೊಡೆತಕ್ಕೆ ಕೋಲು ಗಾಳಿಯನ್ನು ಸೀಳಿತು, ಚೆಂಡು ಇದ್ದಲ್ಲೇ ಇತ್ತು. ಮಗಳು ತುಟಿ ಕಚ್ಚಿಕೊಂಡು ಬೇರೆ ಕಡೆ ನೋಡಿದಳು. ಅವಳ ಸರದಿಯಲ್ಲಿ ಚೆಂಡು ನೆಟ್ಟಗೆ ಹಾರಿ ನಡುಹಾದಿಯಲ್ಲಿ ಬಿತ್ತು. ಅವಳು ಹಾರಿಸುವುದು, ಇವನು ಮರಳುಗುಂಡಿಗೆ ತಳ್ಳುವುದು, ಮತ್ತೆ ಅವಳು ಎತ್ತಿ ಹಾಕುವುದು. ಹೀಗೇ ಸಾಗಿತು. ಬ್ಯಾಟರಿ ಗಾಡಿ ಹತ್ತಿಕೊ ಎಂದು ಅವಳು ಕಣ್ಣಲ್ಲೇ ಕೇಳಿದರೆ ಇವನು ಆಕಾಶ ನೋಡಿದ. ನಾಲ್ಕನೆಯ ಗುಳಿ ಮುಗಿಯುವಷ್ಟರಲ್ಲಿ ಮಂಡಿ ಬೊಬ್ಬೆ ಹೊಡೆಯತೊಡಗಿತು. ಯಾರೂ ಹೇಳದೆ ತಾನೇ ಹೋಗಿ ಗಾಡಿಯಲ್ಲಿ ಕೂತ.

ಕೂತರೂ ಕಣ್ಣು ಸುಮ್ಮನಿರಲಿಲ್ಲ. ತಪ್ಪು ಹುಡುಕಲೇಬೇಕೆಂದು ಹೊರಟವನು ಅವನು. ಕಳೆ ಇದೆಯೇ ನೋಡಿದ, ಇರಲಿಲ್ಲ. ಮರಳುಗುಂಡಿಯ ಅಂಚು ಕುಸಿದಿದೆಯೇ ನೋಡಿದ, ಗಟ್ಟಿಯಾಗಿತ್ತು. ನೀರಿನ ಚಿಲುಮೆಗಳೆಲ್ಲ ಹುಲ್ಲಿನ ಮಟ್ಟಕ್ಕೆ ತಲೆ ತಗ್ಗಿಸಿಕೊಂಡಿದ್ದವು. ಐದನೆಯದರಲ್ಲಿ ಬಗ್ಗಿ ಒಂದು ಎಸಳು ಕಿತ್ತು ಮೂಸಿದ. ಎಂಥ ಹುಲ್ಲು! ತನ್ನ ಕಾಲದಲ್ಲಿ ಇಂಥ ಹುಲ್ಲನ್ನು ಅವನು ಕನಸಿನಲ್ಲೂ ಕಂಡಿರಲಿಲ್ಲ. ಸಿಟ್ಟು ಇನ್ನಷ್ಟು ಏರಿತು.

ಏಳನೆಯ ಗ್ರೀನಿಗೆ ಬಂದಾಗ ಗಾಡಿಯಿಂದ ಇಳಿಯಲು ಅವನಿಗೆ ಮನಸ್ಸಾಗಲಿಲ್ಲ. ಮರವಿದ್ದ ಜಾಗದಲ್ಲಿ ಬಿಸಿಲು ಹರಡಿಕೊಂಡಿತ್ತು. ಆ ಮರದ ಬುಡದಲ್ಲಿ ಅವನು ಮೂವತ್ತು ವರ್ಷ ಬುತ್ತಿ ಬಿಚ್ಚಿದ್ದಾನೆ. ಹೆಂಡತಿ ಆಸ್ಪತ್ರೆಯಲ್ಲಿದ್ದ ಒಂದು ತಿಂಗಳು ನಾಲ್ಕು ವರ್ಷದ ಮಗಳನ್ನು ಅಲ್ಲೇ ಚಾಪೆ ಹಾಸಿ ಮಲಗಿಸಿ, ಇಲ್ಲಿಂದ ಅಲ್ಲಿಗೆ ಕಣ್ಣಿಟ್ಟುಕೊಂಡು ಕೆಲಸ ಮಾಡಿದ್ದಾನೆ. ಅದನ್ನೆಲ್ಲ ಇವಳು ಹೇಗೆ ಮರೆತಳು?

ಅವನ ಸರದಿ. ಚೆಂಡಿನ ದಾರಿ ನೋಡಲೆಂದು ಕುಕ್ಕರಗಾಲಲ್ಲಿ ಕೂತ, ಏಳಲಾಗಲಿಲ್ಲ. ಮಗಳು ಬಂದು ಅವನ ಮುಖ ನೋಡದೆಯೇ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು.

"ಯಾಕೆ ಕಡಿಸ್ದೆ?" ಎಂದು ಅವನು ಕೇಳಿದ. ಎರಡು ವರ್ಷದಲ್ಲಿ ಅವಳಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

ಮಗಳು ಕೈಬಿಡಲಿಲ್ಲ. "ಅಪ್ಪಾ, ಈ ಗ್ರೀನಿಗೆ ನೀನು ವರ್ಷಕ್ಕೆ ಎಷ್ಟು ತೇಪೆ ಹಾಕ್ತಿದ್ದೆ?"

ಅವನು ಮರವಿದ್ದ ಜಾಗದ ಕಡೆ ನೋಡಿದ.

"ನಂಗೊತ್ತು. ಬಕೆಟ್ಟು ಹಿಡ್ಕೊಂಡು ಪಕ್ಕದಲ್ಲಿ ಕೂರ್ತಿದ್ದೋಳು ನಾನೇ ಅಲ್ವಾ? ಆ ಮರದ ನೆರಳಿಗೆ ಹುಲ್ಲು ಸಾಯೋದು. ಅತಿಥಿಗಳು ಏಳೋಕ್ ಮುಂಚೆ ನೀನು ಬಂದು, ಸತ್ತಿದ್ದನ್ನ ಬಿಲ್ಲೆ ಬಿಲ್ಲೆಯಾಗಿ ಕೊರೆದು ತೆಗೆದು, ಬೇರೆ ಕಡೆಯಿಂದ ಹಸಿರು ಬಿಲ್ಲೆ ತಂದು ಕೂರಿಸ್ತಿದ್ದೆ. ಮಂಡಿ ಊರ್ಕೊಂಡು. ಒದ್ದೆ ನೆಲದಲ್ಲಿ. ಒಂದು ಮಳೆಗಾಲಕ್ಕೆ ಆರುನೂರ ನಲವತ್ತು, ನಾನು ಎಣಿಸಿದ್ದೀನಿ. ನೂರಾದ ಮೇಲೆ ಎಣಿಸೋದು ನಾನು ಕಲ್ತಿದ್ದೇ ಇಲ್ಲಿ."

"ಮರ ಉಳೀಲಿ ಅಂತ ಹಾಕ್ತಿದ್ದೆ. ನಿನ್ನ ಮಲಗಿಸ್ತಿದ್ದ ಮರ ಕಣೇ ಅದು," ಎಂದ ಅವನು, ಜೋರಾಗಿಯೇ.

"ನಂಗೂ ಪ್ರಾಣ ಅದು. ಕಡಿಸಿದ ದಿನ ಎರಡು ಹೊತ್ತು ಊಟ ಸೇರ್ಲಿಲ್ಲ ನಂಗೆ. ಆದ್ರೆ ಅದನ್ನ ನೋಡಿದಾಗೆಲ್ಲ ನಂಗೆ ಕಾಣಿಸ್ತಿದ್ದದ್ದು ನಿನ್ನ ಮಂಡಿ. ಈಗ ನನ್ನ ಕೈಕೆಳಗೆ ಏಳು ಜನ ಇದ್ದಾರೆ. ಅದ್ರಲ್ಲಿ ಒಬ್ಬಳಿಗೆ ಆಗ್ಲೇ ಮೆಟ್ಟಿಲು ಹತ್ತೋಕಾಗಲ್ಲ. ಇನ್ನೊಂದು ಮೂವತ್ತು ವರ್ಷ ಅವರನ್ನೂ ಹಾಗೇ ಮಂಡಿ ಊರ್ಸೋಕೆ ನನ್ನ ಕೈಲಿ ಆಗ್ಲಿಲ್ಲಪ್ಪ. ಇದನ್ನೇ ಅವತ್ತು ಹೇಳೋಕ್ ಹೊರಟಿದ್ದು. ನೀನು ಕೇಳಿಸ್ಕೊಳ್ಳದೆ ಎದ್ದು ಹೋದೆ."

ದೊಡ್ಡ ಮಾಲಿ ಚೆಂಡಿನ ಹತ್ತಿರ ಹೋಗಿ ನಿಂತ, ಹೊಡೆದ. ಅದು ಗುಳಿಯನ್ನು ದಾಟಿ ಎಲ್ಲಿಗೋ ಹೋಯಿತು. ಅಲ್ಲಿಂದ ಮುಂದೆ ಹತ್ತು ಗುಳಿ ಅವನು ಬಾಯಿ ತೆರೆಯಲೇ ಇಲ್ಲ. ಅವನ ಮೌನ ಸಿಟ್ಟಿನದೋ ಬೇರೆಯದೋ ಮಗಳಿಗೆ ತಿಳಿಯಲಿಲ್ಲ. ಇನ್ನು ಈ ಮನುಷ್ಯ ಚೆಂಡನ್ನು ಜೇಬಿಗೆ ಹಾಕುವುದು ಖಂಡಿತ ಎಂದುಕೊಂಡಳು. ಅವನಿಗೋ, ತನ್ನೊಳಗೆ ಏನಾಗುತ್ತಿದೆಯೆಂದು ತನಗೇ ತಿಳಿಯುತ್ತಿರಲಿಲ್ಲ. ಮಂಡಿ ನೋವನ್ನು ಹೆಂಡತಿಯಿಂದಲೂ ಮುಚ್ಚಿಟ್ಟಿದ್ದವನು ಅವನು. ಬಕೆಟ್ಟು ಹಿಡಿದ ಪುಟ್ಟ ಮಗು ಅದನ್ನು ಲೆಕ್ಕವಿಟ್ಟು ನೋಡುತ್ತಿತ್ತೆಂದು ಯಾರಿಗೆ ಗೊತ್ತಿತ್ತು?

ಹದಿನೆಂಟನೆಯ ಗ್ರೀನಿನ ಸುತ್ತ ಕೆಲಸದವರೆಲ್ಲ ಬಂದು ನಿಂತಿದ್ದರು. ಮ್ಯಾನೇಜರು ಒಂದೇ ಕರವಸ್ತ್ರವನ್ನು ಹಿಂಡಿ ಹಿಂಡಿ ಬೆವರು ಒರೆಸಿಕೊಳ್ಳುತ್ತಿದ್ದರು. ಗ್ರೀನಿಗೆ ಕೊನೆಯ ಹೊಡೆತ ದೊಡ್ಡ ಮಾಲಿಯದೇ ಆಗಿತ್ತು. ಹೇಗೋ ಏನೋ, ಚೆಂಡು ನೆಲದ ಮೇಲೆ ಎರಡು ಸಲ ಕುಪ್ಪಳಿಸಿ, ಅಂಚು ಹತ್ತಿ, ಗ್ರೀನಿನ ಒಂದು ಬದಿಯಲ್ಲಿ ಬಂದು ನಿಂತಿತು. "ಅಬ್ಬಾ!" ಎಂದರು ಯಾರೋ, ಬೆರಗಿನಲ್ಲಿ.

ಅವನು ಬೂಟು ಕಾಲುಚೀಲ ಬಿಚ್ಚಿಟ್ಟು ಬರಿಗಾಲಲ್ಲಿ ಹುಲ್ಲಿನ ಮೇಲೆ ಹೋದ. ಅಡ್ಡಡ್ಡ ನಡೆದ, ಉದ್ದುದ್ದ ನಡೆದ. ಅಲ್ಲಲ್ಲಿ ನಿಂತು ಹಿಮ್ಮಡಿ ಒತ್ತಿದ. ಎಡಮೂಲೆಯಲ್ಲಿ ಎರಡು ಸಲ ಒತ್ತಿದ. ಆಮೇಲೆ ಚೆಂಡಿನ ಹತ್ತಿರ ಬಂದ, ಬಗ್ಗಿದ, ಅದನ್ನು ಎತ್ತಿಕೊಂಡ.

ಮ್ಯಾನೇಜರು ಕಣ್ಣು ಮುಚ್ಚಿಕೊಂಡರು. ಮಗಳು ಮಾತ್ರ ಕಣ್ಣು ಮುಚ್ಚದೆ ಅಪ್ಪನ ಕೈಯನ್ನೇ ನೋಡುತ್ತಿದ್ದಳು.

ಅವನು ಚೆಂಡಿಗೆ ಮೆತ್ತಿದ್ದ ಮಣ್ಣನ್ನು ಅಂಗಿಯ ತುದಿಯಿಂದ ಒರೆಸಿ, ಎತ್ತಿದ ಜಾಗದಲ್ಲೇ ಮತ್ತೆ ಇಟ್ಟ.

"ಎಡಮೂಲೇಲಿ ನೀರು ಒಂದು ಚೂರು ಜಾಸ್ತಿ. ಎರಡು ದಿನ ಕಮ್ಮಿ ಬಿಡು," ಎಂದ. "ಮಿಕ್ಕಿದ್ದೆಲ್ಲ ಚೆನ್ನಾಗಿದೆ. ನಾನು ಮಾಡಿದ್ದಕ್ಕಿಂತ ಚೆನ್ನಾಗಿದೆ. ಅವತ್ತು ನಿನ್ನ ಮಾತು ಪೂರ್ತಿ ಕೇಳ್ದೆ ಎದ್ದು ಹೋದ್ನಲ್ಲ, ಅದು ನನ್ನ ತಪ್ಪು. ಎಲ್ಲರ ಮುಂದೆ ಹೇಳ್ತಿದ್ದೀನಿ. ಎಲ್ಲಿ, ಕೊಳವೆ ಕೊಡು."

ಮಗಳು ಗುಳಿ ಕೊರೆಯುವ ಕೊಳವೆ ತಂದು ಅವನ ಕೈಗಿತ್ತಳು. ಎಲ್ಲರೂ ಗ್ರೀನಿನ ಆಚೆ ತುದಿಯ ಕಡೆ ನೋಡಿದರು. ಗುಳಿ ಅಂದರೆ ಎಲ್ಲಿರಬೇಕು, ಅಂಚಿನಿಂದ ಎಷ್ಟು ಹೆಜ್ಜೆ, ಇಳಿಜಾರು ಎಷ್ಟು ಎಂದು ಮೂವತ್ತೊಂದು ವರ್ಷ ಅವರ ತಲೆ ತಿಂದವನು ಅವನು. ಅರ್ಧ ಅಡಿ ಆಚೀಚೆಯಾದರೆ ಬೈಸಿಕೊಳ್ಳದವರು ಅಲ್ಲಿ ಒಬ್ಬರೂ ಇರಲಿಲ್ಲ. ದೊಡ್ಡ ಮಾಲಿ ಆ ತುದಿಗೂ ಹೋಗಲಿಲ್ಲ, ನಡುವಿಗೂ ಹೋಗಲಿಲ್ಲ. ಚೆಂಡು ಇದ್ದಲ್ಲಿಂದ ಸರಿಯಾಗಿ ಒಂದು ಗೇಣು ಅಳೆದು, ಅಲ್ಲೇ ಕೊಳವೆ ಊರಿ ತಿರುಗಿಸತೊಡಗಿದ.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ಮ್ಯಾನೇಜರು ಕಣ್ಣು ಬಿಟ್ಟು, ಏನೆಂದು ತಿಳಿಯದೆಯೇ ತಾವೂ ನಕ್ಕರು.

"ಏನಪ್ಪಾ ಇದು! ಇಲ್ಲೇನಾ ಗುಳಿ ಕೊರೆಯೋದು?" ಎಂದಳು ಮಗಳು.

"ಎಲ್ಲಿ ಬೇಕಾದ್ರೂ ಕೊರೀಬಹುದು. ಪದ್ಧತೀಲಿ ಜಾಗ ಹೇಳಿಲ್ಲ. ನನ್ನ ಮಗಳಿಗೆ ಸುಲಭ ಆಗ್ಲಿ ಅಂತ ಕೊರೆದಿದ್ದೀನಿ, ಯಾರದ್ದೇನು ತಕರಾರು? ನಿಂದೇ ಸರದಿ, ಹೊಡಿ."

ಅವಳು ಕೋಲು ಹಿಡಿದು ಬಂದು ನಿಂತಳು. ಒಂದು ಗೇಣು. ನಡೆಯಲು ಕಲಿಯುತ್ತಿರುವ ಮಗು ಕೂಡ ಹಾಕಿಬಿಡುವಷ್ಟು ದೂರ. ಅವಳು ತಳ್ಳಿದಳು. ಚೆಂಡು ಗುಳಿಯ ಅಂಚನ್ನು ಸವರಿಕೊಂಡು ಪಕ್ಕಕ್ಕೆ ಹೋಗಿ ನಿಂತಿತು.

"ಅಯ್ಯಯ್ಯೋ!" ಎಂದರು ಎಲ್ಲರೂ.

"ಇದಕ್ಕಿಂತ ಹತ್ರ ಕೊರೆಯೋಕೆ ನಂಗೂ ಬರಲ್ಲ ಕಣೇ!" ಎಂದ ದೊಡ್ಡ ಮಾಲಿ.

"ಕಣ್ಣು ತುಂಬ್ಕೊಂಡುಬಿಡ್ತಪ್ಪ. ಗುಳಿ ಎಲ್ಲಿದೆ ಅಂತಾನೇ ಕಾಣಿಸ್ಲಿಲ್ಲ," ಎಂದಳು ಮಗಳು. ನಗುತ್ತಿದ್ದಳೋ ಅಳುತ್ತಿದ್ದಳೋ, ತೋಳಿನಿಂದ ಮುಖ ಒರೆಸಿಕೊಂಡು ಕೋಲನ್ನು ಅವನ ಕೈಗೆ ಕೊಟ್ಟಳು.

ಅವನು ಚೆಂಡಿನ ಮುಂದೆ ನಿಂತ. ಬಗ್ಗಿ ನೋಡಿದ. ಕಣ್ಣು ಉಜ್ಜಿಕೊಂಡ, ಮತ್ತೆ ನೋಡಿದ.

"ಎಲ್ಲಿದೆ ಹೇಳೇ," ಎಂದ ಮೆಲ್ಲಗೆ, ಅವಳಿಗೊಬ್ಬಳಿಗೇ ಕೇಳುವಂತೆ. "ನಂಗೂ ಕಾಣಿಸ್ತಿಲ್ಲ."

ಮಗಳು ಹೋಗಿ ಗುಳಿಯ ಆಚೆ ಅವನಿಗೆ ಎದುರಾಗಿ ನಿಂತಳು.

"ಇಲ್ಲಿದೆ ಅಪ್ಪಾ, ನನ್ನ ಕಡೆಗೆ ತಳ್ಳು," ಎಂದಳು.

ಅವನು ತಳ್ಳಿದ.