ಮಸಿಯ ಕಪ್ಪು ಉಗುರು

ಬೀದಿಯ ತಿರುವಿನಲ್ಲಿ ಒಂದು ಸಲೂನು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಆ ಪರದೆಯ ಕೆಳಗಿಂದ ನುಸುಳಿ ಮಸಿ ಬಂತೆಂದರೆ, ಕಣ್ಣು ಮುಚ್ಚಿ ಕೂತ ಗಿರಾಕಿಗೂ ಗೊತ್ತಾಗುತ್ತಿತ್ತು. ನುಣುಪು ಟೈಲ್ಸಿನ ಮೇಲೆ ಟಕ್, ಟಕ್, ಟಕ್.

“ಯಾರೋ ಹೈಹೀಲ್ಸ್ ಹಾಕ್ಕೊಂಡು ಬಂದ್ರು ಅಂತ ನೆಟ್ಟಗೆ ಕೂತೆ ಕಣಯ್ಯ. ನೋಡಿದ್ರೆ ನಿನ್ನ ನಾಯಿ” ಎಂದು ಮುಖದ ತುಂಬ ನೊರೆ ಹಚ್ಚಿಕೊಂಡವರು ನಗುತ್ತಿದ್ದರು.

ಕ್ಷೌರಿಕನೂ ಅವರೊಂದಿಗೆ ನಗುತ್ತಿದ್ದ. ಆದರೆ ಇವತ್ತು ಪರದೆಯ ಆಚೆಯಿಂದ ಆ ಸದ್ದು ಕೇಳಿದಾಗಲೆಲ್ಲ ಅವನ ಕತ್ತರಿ ನಿಲ್ಲುತ್ತಿತ್ತು.

ನಿನ್ನೆ ಬೆಳಗ್ಗೆ ಅವನ ಅಮ್ಮ ಮಂಚದ ಅಂಚಿನಲ್ಲಿ ಕೂತಿದ್ದರು. ಮಸಿ ಬಾಲ ಅಲ್ಲಾಡಿಸುತ್ತ ಬಂದು, ದಿನವೂ ಮಾಡುವಂತೆ ಮುಂಗಾಲೆತ್ತಿ ಅವರ ತೊಡೆಯ ಮೇಲಿಟ್ಟಿತು. ಹಿಂಗಾಲು ನೆಲದ ಮೇಲೆ ಜಾರಿತು. ಬೀಳುವ ಭಯಕ್ಕೆ ಅದು ಮುಂಗಾಲನ್ನು ಎಳೆದುಕೊಂಡಾಗ, ಕೊಕ್ಕೆಯಂತೆ ಬಾಗಿದ ಒಂದು ಉಗುರು ಅಮ್ಮನ ಮುಂಗೈಯನ್ನು ಸೀಳಿಕೊಂಡು ಹೋಯಿತು. ವಯಸ್ಸಾದ ಅವರ ಚರ್ಮವೋ ಈರುಳ್ಳಿ ಸಿಪ್ಪೆಯಷ್ಟು ತೆಳು. ಹೃದಯದ ತೊಂದರೆಗೆ ರಕ್ತ ತೆಳುವಾಗುವ ಮಾತ್ರೆ ಬೇರೆ ನುಂಗುತ್ತಿದ್ದರು. ಹೆಂಡತಿ ಗಾಯವನ್ನು ನಲ್ಲಿಯ ಕೆಳಗೆ ಸೋಪು ಹಾಕಿ ಚೆನ್ನಾಗಿ ತೊಳೆದಳು. ಅವನು ಶುಚಿಯಾದ ಟವೆಲ್ ಒತ್ತಿ ಹಿಡಿದು ಆಸ್ಪತ್ರೆಗೆ ಕರೆದೊಯ್ದ. ದಾರಿಯುದ್ದಕ್ಕೂ ಟವೆಲ್ ಕೆಂಪಾಗುತ್ತಲೇ ಇತ್ತು.

ಡಾಕ್ಟರು ಗಾಯಕ್ಕೆ ಪಟ್ಟಿ ಕಟ್ಟಿ, ಮುನ್ನೆಚ್ಚರಿಕೆಯ ಚುಚ್ಚುಮದ್ದು ಕೊಟ್ಟು, “ಇವರಿಗೆ ಇನ್ನೊಂದು ಸಲ ಹೀಗಾಗೋದು ಬೇಡ. ಅದರ ವ್ಯವಸ್ಥೆ ಮಾಡಿ” ಎಂದಿದ್ದರು.

ಅವನು ವ್ಯವಸ್ಥೆ ಮಾಡಿಬಿಟ್ಟಿದ್ದ. ಮರದ ಡಿಪೋದ ಯಜಮಾನರಿಗೆ ಕಾವಲಿಗೆ ಒಂದು ನಾಯಿ ಬೇಕಿತ್ತು. ಇಂದು ಸಂಜೆ ಅವರು ಬಂದು ಮಸಿಯನ್ನು ಒಯ್ಯುವುದೆಂದು ಮಾತಾಗಿತ್ತು. ಅಲ್ಲಿ ಹಗಲೂ ರಾತ್ರಿ ಸರಪಳಿ.

ವಿಷಯ ತಿಳಿದ ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. “ತಪ್ಪು ಅದರದಲ್ಲ ಕಣೋ” ಎಂದಿದ್ದರು. “ನಾನು ಎದ್ದು ನಾಲ್ಕು ಹೆಜ್ಜೆ ಹಾಕೋದೇ ಅದು ಬಾಗಿಲಲ್ಲಿ ಕಾಯುತ್ತೆ ಅಂತ.”

ತಪ್ಪು ಯಾರದೆಂದು ಅವನಿಗೆ ಗೊತ್ತಿರಲಿಲ್ಲವೆಂದೇನಲ್ಲ. ಹೋದ ತಿಂಗಳು ಉಗುರು ಉದ್ದವಾಗಿದೆಯೆಂದು ಅವನೇ ಅಂಗಡಿಯ ಕತ್ತರಿ ತಂದಿದ್ದ. ಮಂಡಿಯ ಕೆಳಗೆ ನಾಯಿಯನ್ನು ಅದುಮಿ ಹಿಡಿದು ಒಂದೇ ಏಟಿಗೆ ಕತ್ತರಿಸಿದ್ದ. ಕಪ್ಪು ಉಗುರು, ಒಳಗೇನಿದೆಯೆಂದು ಕಾಣಲಿಲ್ಲ. ಮಸಿ ಕೂಗಿದ ಕೂಗಿಗೆ ಪಕ್ಕದ ಮನೆಯವರು ಓಡಿ ಬಂದಿದ್ದರು. ಅಂದಿನಿಂದ ಅವನ ನೀಲಿ ಏಪ್ರನ್ ಕಂಡರೆ ಸಾಕು, ಅದು ಮಂಚದ ಕೆಳಗೆ ಸೇರಿಕೊಳ್ಳುತ್ತಿತ್ತು. ಕಾಲು ಮುಟ್ಟಲು ಹೋದರೆ ಹಲ್ಲು ಕಾಣಿಸುತ್ತಿತ್ತು. ಉಗುರು ಬೆಳೆಯುತ್ತಲೇ ಹೋಯಿತು.

ಮಧ್ಯಾಹ್ನ ಅಂಗಡಿ ಮುಚ್ಚುವ ಹೊತ್ತಿಗೆ ಪಕ್ಕದ ಮನೆಯ ಅಕ್ಕ ಅಮ್ಮನನ್ನು ನೋಡಲು ಬಂದರು. ಅವರು ಪ್ರಾಣಿಗಳ ಆಸ್ಪತ್ರೆಯಲ್ಲಿ ನರ್ಸು. ಅಮ್ಮನ ಪಟ್ಟಿಯನ್ನು ನೋಡಿದರು, ಮಂಚದ ಕೆಳಗೆ ಬಗ್ಗಿ ಮಸಿಯನ್ನೂ ನೋಡಿ, ಅಂಗಡಿಗೆ ಬಂದರು.

“ಅಣ್ಣ, ಇದು ನಾಯಿ ಕೊಟ್ಟುಬಿಡೋ ವಿಷಯ ಅಲ್ಲ. ಉಗುರು ತೆಗೆಯೋ ವಿಷಯ.”

“ಅಕ್ಕ, ದಿನಾ ಎಷ್ಟು ಜನರ ಕತ್ತಿನ ಮೇಲೆ ಕತ್ತಿ ಆಡಿಸ್ತೀನಿ ನಾನು. ನನಗೆ ಉಗುರು ತೆಗೆಯೋದು ಹೇಳ್ಕೊಡ್ತೀರಾ?”

“ತೆಗೆಯೋದು ಹೇಳ್ಕೊಡಲ್ಲ. ಎಲ್ಲಿ ನಿಲ್ಲಿಸಬೇಕು ಅಂತ ಹೇಳ್ತೀನಿ.”

ಒಳಗಿನಿಂದ ಹೆಂಡತಿ ಕಿಸಕ್ಕನೆ ನಕ್ಕಳು. ಅವನು ಮುಖ ಗಂಟು ಹಾಕಿಕೊಂಡ.

“ಮೊದಲು ಇದಕ್ಕೆ ಉಗುರು ಇಷ್ಟು ಬೆಳೀತಿರಲಿಲ್ಲ” ಎಂದ.

“ಮೊದಲು ಅಮ್ಮ ಇದನ್ನ ದಿನಾ ಡಾಂಬರು ರಸ್ತೇಲಿ ನಡೆಸ್ತಿದ್ರು. ಉಗುರು ತಾನೇ ಸವೀತಿತ್ತು. ಅಮ್ಮ ಹುಷಾರು ತಪ್ಪಿದ ಮೇಲೆ ಇದೂ ಟೈಲ್ಸ್ ಮೇಲೇ ಇದೆ. ಟೈಲ್ಸ್ ಮೇಲೆ ಏನು ಸವೆಯುತ್ತೆ? ನಡೆಯುವಾಗ ಟಕ್ ಟಕ್ ಅಂದ್ರೆ ಉಗುರು ಉದ್ದ ಆಗಿದೆ ಅಂತಲೇ ಅರ್ಥ. ಕಾಲೂರೋಕೆ ಆಗಲ್ಲ, ಜಾರುತ್ತೆ. ನಿನ್ನೆ ಆಗಿದ್ದೂ ಅದೇ.”

“ಸರಿ. ಆದ್ರೆ ಅದು ನನ್ನ ಹತ್ರ ಬರಬೇಕಲ್ಲ” ಎಂದ. ಅವನ ದನಿ ಇಳಿದಿತ್ತು. “ಕೈ ಮುಂದೆ ಮಾಡಿದ್ರೆ ಗುರ್ ಅನ್ನುತ್ತೆ. ಕಚ್ಚಿದ್ರೆ?”

ಹೆಂಡತಿ ಪರದೆ ಸರಿಸಿ ಈಚೆ ಬಂದಳು. “ರೀ, ತರಕಾರಿ ಅಂಗಡಿಯವರ ಮಗು ಮೊದಲನೇ ಸಲ ಕೂದಲು ತೆಗೆಸೋಕೆ ಬಂದಾಗ ಏನು ಮಾಡಿದ್ರಿ? ಬೀದಿಗೆಲ್ಲ ಕೇಳೋ ಹಾಗೆ ಅಳ್ತಿತ್ತು. ಅದುಮಿ ಹಿಡಿದ್ರಾ?”

ಅವನು ಅದುಮಿ ಹಿಡಿದಿರಲಿಲ್ಲ. ಮಗುವಿನ ಕೈಗೆ ಬಾಚಣಿಗೆ ಕೊಟ್ಟಿದ್ದ. ಮೆಷಿನ್ ಅನ್ನು ದೂರದಲ್ಲಿ ಗುಂಯ್ ಎನಿಸಿ, ಸದ್ದಿಗೆ ಒಗ್ಗಿಸಿದ್ದ. ಹಣೆಯ ಮೇಲಿನ ಕೂದಲಷ್ಟೇ ತೆಗೆದು, ಉಳಿದದ್ದು ನಾಳೆ ಎಂದು ಕಳಿಸಿದ್ದ. ಮರುದಿನ ಮಗು ತಾನಾಗಿಯೇ ಕುರ್ಚಿ ಹತ್ತಿತ್ತು.

“ಸಂಜೆವರೆಗೆ ನೋಡೋಣ” ಎಂದ ಕಡೆಗೆ. “ಆಗದಿದ್ರೆ ಕೊಟ್ಟುಬಿಡೋದೇ. ಅಮ್ಮನಿಗಿಂತ ನಾಯಿ ಹೆಚ್ಚಲ್ಲ.”

ಏಪ್ರನ್ ಬಿಚ್ಚಿಟ್ಟು ಒಳಗೆ ಹೋಗಿ, ಮಂಚದ ಪಕ್ಕ ನೆಲದ ಮೇಲೆ ಕೂತ. ಜಾರದಿರಲೆಂದು ಹೆಂಡತಿ ಒಂದು ದಪ್ಪ ಚಾಪೆ ಹಾಸಿದಳು. ಬೇಯಿಸಿದ ಮೊಟ್ಟೆಯನ್ನು ಸಣ್ಣ ಚೂರು ಮಾಡಿ ತಟ್ಟೆಯಲ್ಲಿಟ್ಟಳು. ಮೊದಲು ಅವನ ಕೈಯಲ್ಲಿ ಏನೂ ಇರಲಿಲ್ಲ. ಮಸಿ ಹೊರಗೆ ಬಂದು ಕೂರುವುದಕ್ಕೇ ಬಹಳ ಹೊತ್ತಾಯಿತು. ಅವನು ಹೆಗಲು ಮುಟ್ಟಿದ, ಹೆಂಡತಿ ಒಂದು ಚೂರು ಕೊಟ್ಟಳು. ಮೊಣಕಾಲು ಮುಟ್ಟಿದ, ಇನ್ನೊಂದು ಚೂರು. ಪಾದ ಮುಟ್ಟುವಾಗ ಮಸಿಯ ಮೈ ಬಿಗಿಯಾಯಿತು, ನಾಲಗೆಯಿಂದ ಮೂಗು ನೆಕ್ಕಿಕೊಂಡಿತು.

“ಭಯ ಪಟ್ಟಿದೆ, ಬಿಡಿ” ಎಂದರು ಅಕ್ಕ ಮೆಲ್ಲಗೆ. “ಗುರ್ ಅನ್ನೋವರೆಗೆ ಕಾಯ್ಬೇಡಿ.”

ಬಿಟ್ಟ. ಮತ್ತೆ ಹೆಗಲಿನಿಂದ ಶುರು ಮಾಡಿದ.

ಅಕ್ಕ ಮನೆಯಿಂದ ತಮ್ಮ ನಾಯಿಯ ನೇಲ್ ಕಟ್ಟರ್ ತಂದರು. “ನಿಮ್ಮ ಕತ್ತರಿ ಕೂದಲಿಗೆ. ನಾಯಿ ಉಗುರನ್ನ ಅದು ಕತ್ತರಿಸಲ್ಲ, ಹಿಸುಕುತ್ತೆ. ಅದಕ್ಕೇ ನೋಯೋದು. ಮೊದಲು ಇದರ ಸದ್ದು ಕೇಳಲಿ.”

ಅವನು ಕಟ್ಟರಿನಿಂದ ಬೆಂಕಿಕಡ್ಡಿಯೊಂದನ್ನು ತುಂಡು ಮಾಡಿದ. ಚಟ್. ಮಸಿ ಬೆಚ್ಚಿತು. ಮೊಟ್ಟೆ ಸಿಕ್ಕಿತು. ಚಟ್, ಮೊಟ್ಟೆ. ಬರುಬರುತ್ತ ಚಟ್ ಅಂದರೆ ಮಸಿ ಹೆಂಡತಿಯ ಕೈಯ ಕಡೆ ನೋಡತೊಡಗಿತು.

ಕಿಟಕಿಯ ಬಿಸಿಲು ಎದುರು ಗೋಡೆ ಹತ್ತಿತ್ತು. ಡಿಪೋದವರು ಬರುವ ಹೊತ್ತು.

“ಉಗುರಿನ ಒಳಗೆ ಹಸಿ ಇರುತ್ತೆ ಅಣ್ಣ, ರಕ್ತ, ನರ ಎಲ್ಲ. ಬಿಳಿ ಉಗುರಾದ್ರೆ ಗುಲಾಬಿ ಬಣ್ಣ ಹೊರಗಿಂದಲೇ ಕಾಣುತ್ತೆ, ಅದಕ್ಕಿಂತ ಈಚೆಗೇ ನಿಲ್ಲಿಸಬಹುದು. ಕಪ್ಪಾದ್ರೆ ಕಾಣಲ್ಲ. ಅದಕ್ಕೇ ತುದಿಯಿಂದ ತೆಳ್ಳಗೆ ಒಂದೊಂದೇ ಬಿಲ್ಲೆ ತೆಗೀರಿ. ಪ್ರತಿ ಸಲ ಕತ್ತರಿಸಿದ ಜಾಗ ನೋಡಿ. ಒಣಗಿ ಪುಡಿಪುಡಿಯಾಗಿದ್ರೆ ಇನ್ನೂ ಜಾಗ ಇದೆ. ನಡುವೆ ನುಣ್ಣಗೆ ಒಂದು ಕಪ್ಪು ಚುಕ್ಕಿ ಕಂಡ್ರೆ ಅಲ್ಲಿಗೆ ಮುಗೀತು.”

“ರಕ್ತ ಬಂದ್ರೆ? ಪಟಿಕ ಇದೆ ಅಂಗಡೀಲಿ.”

“ಪಟಿಕ ಉರಿಯುತ್ತೆ. ಕಾರ್ನ್‌ಫ್ಲೋರ್ ಇಟ್ಕೊಳ್ಳಿ. ಉಗುರಿನ ತುದಿಗೆ ಹಚ್ಚಿ ಕೆಲವು ನಿಮಿಷ ಒತ್ತಿ ಹಿಡೀರಿ. ನಿಲ್ಲದಿದ್ರೆ ಆಸ್ಪತ್ರೆಗೆ ತನ್ನಿ.”

ಅಮ್ಮನ ಕೈ ಸೀಳಿದ್ದ ಉಗುರನ್ನು ಅವನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದ. ಮಂಚದ ಮೇಲೆ ಅಮ್ಮ ಈ ಕಡೆಗೆ ಹೊರಳಿದ್ದರು.

ಚಟ್. ಉಗುರಿನ ತೆಳು ಬಿಲ್ಲೆಯೊಂದು ಚಾಪೆಯ ಮೇಲೆ ಬಿತ್ತು. ಕತ್ತರಿಸಿದ ಜಾಗ ಒಣಗಿತ್ತು. ಚಟ್. ಇನ್ನೂ ಒಣಗಿತ್ತು. ಮತ್ತೆ ಕಟ್ಟರ್ ಕೂರಿಸಿದ.

ಆಗಲೇ ಹೊರಗೆ ವ್ಯಾನು ನಿಂತು ಹಾರ್ನ್ ಹೊಡೆಯಿತು.

ಮಸಿ ಎಗರಿತು. ಪಾದವನ್ನು ಜಗ್ಗಿತು. ಹೋದ ತಿಂಗಳಿನ ಕೈ ಆಗಿದ್ದರೆ ಬಿಗಿಯಾಗಿ ಹಿಡಿದುಬಿಡುತ್ತಿತ್ತು. ಬೆರಳುಗಳು ಬಿಗಿಯಲು ಹೊರಟಿದ್ದವು ಕೂಡ. ಅವನು ಕಟ್ಟರನ್ನು ತೆರೆದು, ಕೈಯನ್ನು ಪೂರ್ತಿ ಬಿಟ್ಟುಬಿಟ್ಟ.

ಮಸಿ ಚಾಪೆಯ ಅಂಚಿಗೆ ಓಡಿ ನಿಂತಿತು. ಮಂಚದ ಕೆಳಗಿನ ಕತ್ತಲನ್ನು ನೋಡಿತು, ಅವನ ಬರಿಗೈಯನ್ನು ನೋಡಿತು. ಅವನು ಅಲ್ಲಾಡದೆ ಕೂತ. ಹೊರಗೆ ಮತ್ತೊಮ್ಮೆ ಹಾರ್ನ್ ಆಯಿತು. ಮಸಿ ಒಂದು ಹೆಜ್ಜೆ ಇಟ್ಟಿತು, ಇನ್ನೊಂದು ಇಟ್ಟಿತು. ಬಂದು ಅವನ ತೊಡೆಗೆ ಒರಗಿ ಕೂತಿತು.

ಅವನು ಮತ್ತೆ ಪಾದ ಎತ್ತಿಕೊಂಡ. ಚಟ್. ಕತ್ತರಿಸಿದ ಜಾಗದ ನಡುವೆ ನುಣ್ಣನೆಯ ಕಪ್ಪು ಚುಕ್ಕಿ.

“ಸಾಕು” ಎಂದು ಅವನೇ ಹೇಳಿದ. ಕೊಕ್ಕೆ ಹೋಗಿತ್ತು. ಒಂದು ಹನಿ ರಕ್ತವೂ ಇರಲಿಲ್ಲ.

ಬಾಗಿಲಲ್ಲಿ ಡಿಪೋ ಯಜಮಾನರು ಹಗ್ಗ ಹಿಡಿದು ನಿಂತಿದ್ದರು. “ಎಲ್ಲಿ ನಾಯಿ?”

“ನಾಯಿ ಕೊಡಲ್ಲ, ತಪ್ಪು ತಿಳ್ಕೋಬೇಡಿ. ಕೂತ್ಕೊಳ್ಳಿ, ನಿಮ್ಮ ಕಟಿಂಗ್ ಮಾಡ್ತೀನಿ. ನಿಮ್ಮದೂ ತುಂಬ ಬೆಳೆದಿದೆ.”

ಅಮ್ಮ ಎರಡು ದಿನದಲ್ಲಿ ಮೊದಲ ಸಲ ನಕ್ಕರು.

ಆ ಸಂಜೆ ಒಂದೇ ಉಗುರು. ಮರುದಿನ ಎರಡು. ಕಾಲಿನ ಒಳಬದಿಯಲ್ಲಿ, ನೆಲಕ್ಕೆ ತಾಗದೆ ಇರುವ ಉಗುರನ್ನು ಹುಡುಕಿ ಅಕ್ಕ ತೋರಿಸಿಕೊಟ್ಟರು. ಅದು ಸವೆಯುವುದೇ ಇಲ್ಲ, ಬಿಟ್ಟರೆ ಸುತ್ತಿಕೊಂಡು ಮಾಂಸಕ್ಕೇ ಚುಚ್ಚುತ್ತದೆ. ಎಲ್ಲ ಉಗುರು ಮುಗಿಯುವವರೆಗೆ ಮಸಿ ಅಮ್ಮನ ಹತ್ತಿರ ಹೋಗುವಾಗ ಅದರ ಕೊರಳಿಗೆ ಪಟ್ಟಿ ಹಾಕಿ ಹಿಡಿದುಕೊಂಡರು. ವಾರಕ್ಕೊಮ್ಮೆ ತುದಿ ತೆಗೆಯುತ್ತ ಹೋದಂತೆ ಒಳಗಿನ ಹಸಿಯೂ ಹಿಂದೆ ಸರಿಯಿತು, ಉಗುರು ಗಿಡ್ಡವಾಯಿತು.

ಒಂದು ಬೆಳಗ್ಗೆ ಅಮ್ಮ ಮಂಚದ ಮೇಲೆ ಕೂತಿದ್ದವರು ಬೆಚ್ಚಿಬಿದ್ದರು. ಮಸಿಯ ಮೂಗು ಆಗಲೇ ಅವರ ಅಂಗೈಯಲ್ಲಿತ್ತು.

“ಕಳ್ಳನ ಹಾಗೆ ಬರುತ್ತೆ ಕಣೋ ಇದು. ಸದ್ದೇ ಇಲ್ಲ” ಎಂದು ದೂರಿದರು. ಆಮೇಲೆ ಗೋಡೆ ಹಿಡಿದು ಎದ್ದು ನಿಂತರು.

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಟಕ್ ಟಕ್ ಸದ್ದು ಕೇಳುತ್ತಿದೆಯೇ? ಹಾಗಿದ್ದರೆ ಇವತ್ತೇ ನಿಮ್ಮ ನಾಯಿಯ ಪಾದ ಎತ್ತಿ ನೋಡಿ. ಮಗುವಿನ ಉಗುರು ತೆಗೆಯುವಾಗ ನೀವು ಹೇಗೆ ಉಸಿರು ಬಿಗಿ ಹಿಡಿದು, ಚೂರೇ ಚೂರು ತೆಗೆಯುತ್ತೀರೋ ಅದೇ ಕೈ ಇಲ್ಲಿಯೂ ಸಾಕು. ನಾಯಿಯ ಕಟ್ಟರನ್ನೇ ಬಳಸಿ. ಅದು ಹೆದರಿದರೆ ಬಿಟ್ಟುಬಿಡಿ, ನಾಳೆಯೂ ಒಂದು ದಿನ ಇದೆ. ಉಗುರು ಮಾಂಸಕ್ಕೆ ಚುಚ್ಚಿಕೊಂಡಿದ್ದರೆ, ನಾಯಿ ಕಚ್ಚಲು ಬರುತ್ತಿದ್ದರೆ, ಅಥವಾ ನಿಮಗೇ ಧೈರ್ಯ ಸಾಲದಿದ್ದರೆ ಪಶುವೈದ್ಯರ ಬಳಿ ಹೋಗಿ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಉಗುರು ಗೀರಿ ಮನೆಯವರಿಗೆ ಗಾಯವಾದರೆ ಸಣ್ಣದೆಂದು ಬಿಡದೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಆಸ್ಪತ್ರೆಗೆ ತೋರಿಸಿ. ನಾಯಿಗೆ ಪ್ರತಿವರ್ಷದ ಲಸಿಕೆ ಹಾಕಿಸಿ.

ನಿಮ್ಮ ಮನೆಯ ಬಾಗಿಲಲ್ಲಿ ಯಾರೂ ಹಗ್ಗ ಹಿಡಿದು ನಿಲ್ಲುವಂತಾಗದಿರಲಿ. ಒಂದು ಉಗುರಿನಿಂದ ಶುರು ಮಾಡಿ.