ಅಣ್ಣ ತಳಿಗೆ ಬೇಡವೆಂದ ಕುದುರೆ

ನಮ್ಮಣ್ಣನಿಗೆ ಮೊಸರಲ್ಲಿ ಕಲ್ಲು ಹುಡುಕುವುದೇ ಕಸುಬು. ಅರಬ್ಬಿ ಕುದುರೆಗಳ ತಳಿ ಬೆಳೆಸುವವನಿಗೆ ಅದಿಲ್ಲದೆ ನಡೆಯುವುದಿಲ್ಲ ಅನ್ನಿ. ಕಣ್ಣು ದೊಡ್ಡದಿರಬೇಕು, ಮೂಗಿನ ಮೇಲೆ ಮುಖ ಒಳಕ್ಕೆ ಬಾಗಿರಬೇಕು, ಓಡುವಾಗ ಬಾಲ ಎತ್ತಿ ಹಿಡಿಯಬೇಕು. ಈ ಪರೀಕ್ಷೆಯಲ್ಲಿ, ಜಗಳಗಂಟಿ ಎಂದೇ ನಾವು ಕರೆಯುವ ಕುದುರೆ, ಎಳವೆಯಲ್ಲೇ ಸೋತಿದ್ದಳು. ಅಪ್ಪಟ ಅರಬ್ಬಿ ಹೆಣ್ಣೇ, ಬೆಳಗಿಂದ ಸಂಜೆವರೆಗೆ ಓಡಿದರೂ ದಣಿಯುವವಳಲ್ಲ. ಆದರೆ ಮುಖ ಹಲಗೆಯಂತೆ ನೇರ, ಕಿವಿ ಉದ್ದ. “ಇವಳಿಂದ ಮರಿ ಬೇಡ” ಎಂದು ಅಣ್ಣ ತೀರ್ಮಾನಿಸಿದ್ದ.

ಸವಾರಿಗಾದರೂ ಒಗ್ಗಿದಳೇ? ಲಗಾಮು ತುಸು ಒರಟಾಗಿ ಎಳೆದರೆ ಸವಾರ ನೆಲದ ಮೇಲೆ. ನನ್ನನ್ನೂ ಬೀಳಿಸಿದ್ದಾಳೆ, ಮಹಾತಾಯಿ.

ಅಣ್ಣನಿಗೆ ಲಕ್ವ ಹೊಡೆದು ಎಡಗಡೆ ಸ್ವಾಧೀನ ತಪ್ಪಿತು. ಕೋಲು ಹಿಡಿದು ನಡೆಯುವಷ್ಟಾದ ಮೇಲೆ ಒಂದೇ ಹಠ. “ಕುದುರೆ ಹತ್ತದಿದ್ರೆ ನಾನು ಇದ್ದೂ ಇಲ್ಲದ ಹಾಗೆ ಕಣೆ ಪುಟ್ಟಿ.” ತಲೆ ನರೆತ ನನ್ನನ್ನು ಪುಟ್ಟಿ ಎನ್ನುವವನು ಅವನೊಬ್ಬನೇ. ಬೈದೆ, ಮಾತು ಬಿಟ್ಟೆ, ಕೊನೆಗೆ ಸೋತೆ. ಲಾಯದಲ್ಲಿ ಉಳಿದ ಹೆಣ್ಣುಗಳೆಲ್ಲ ಗಬ್ಬವಾಗಿದ್ದವು, ಬೀಜದ ಗಂಡುಕುದುರೆಯ ಮೇಲೆ ಕೂರಿಸಲು ನನಗೆ ಧೈರ್ಯವಿರಲಿಲ್ಲ. ಇನ್ನು ಉಳಿದವಳು ಜಗಳಗಂಟಿ.

ನಾನೂ ಅತ್ತಿಗೆಯೂ ಸೇರಿ ಅವನನ್ನು ಕಟ್ಟೆಯಿಂದ ಜೀನಿನ ಮೇಲೆ ಹತ್ತಿಸಿದೆವು. ಜಗಳಗಂಟಿ ಅಲುಗಲಿಲ್ಲ. ಕಿವಿಯೊಂದನ್ನು ಹಿಂದಕ್ಕೆ ತಿರುಗಿಸಿ ಅವನ ಉಸಿರು ಕೇಳುತ್ತಾ ನಿಂತಳು. ನಾನು ಹಗ್ಗ ಹಿಡಿದು ಮುಂದೆ ನಡೆದೆ.

ಎರಡು ಹೆಜ್ಜೆಗೇ ಅಣ್ಣ ಎಡಕ್ಕೆ ಜಾರಿದ. ಆದರೆ ನಾನು ಕೈ ಚಾಚುವಷ್ಟರಲ್ಲಿ ಅವಳೇ ಎಡಕ್ಕೆ ಸರಿದು, ಅವನ ಭಾರದ ಕೆಳಗೆ ತನ್ನ ಹೆಗಲು ಕೊಟ್ಟು, ಅವನನ್ನು ನೆಟ್ಟಗೆ ಕೂರಿಸಿದಳು. ಏನೋ ಆಕಸ್ಮಿಕ ಅಂದುಕೊಂಡೆ. ತಿರುವಿನಲ್ಲಿ ಅವನು ಮತ್ತೆ ಜಾರಿದ, ಅವಳು ಮತ್ತೆ ಸರಿದಳು. ಆಮೇಲಂತೂ ಅವನು ವಾಲುವ ಮೊದಲೇ ಅವಳಿಗೆ ಗೊತ್ತಾಗುತ್ತಿತ್ತು. ನೊಣ ಕೂತರೂ ರಂಪ ಮಾಡುವ ಹೆಣ್ಣು ಇದು! ಹುಟ್ಟಿದಾಗಿನಿಂದ ಕುದುರೆಗಳ ನಡುವೆ ಬದುಕಿದವಳು ನಾನು, ಇಂಥದ್ದನ್ನು ಕಂಡಿರಲಿಲ್ಲ. ಹಗ್ಗ ಬಿಟ್ಟುಬಿಟ್ಟೆ. ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು. ಅಣ್ಣ ನಗುತ್ತಿದ್ದ, ಕಣ್ಣಲ್ಲಿ ನೀರಿತ್ತು.

ಅಂಗಳದ ಅರ್ಧ ಸುತ್ತು ಆಗಿತ್ತು. “ಪುಟ್ಟಿ, ಇಳಿಸು ನನ್ನ” ಎಂದ.

“ಯಾಕಣ್ಣ? ಚೆನ್ನಾಗೇ ಕೂತಿದ್ದೀಯಲ್ಲ.”

“ನಾನು ಕೂತಿಲ್ಲ, ಇವಳು ಕೂರಿಸ್ಕೊಂಡಿದ್ದಾಳೆ. ಹೆಜ್ಜೆ ನೋಡು, ನನಗೋಸ್ಕರ ಮೈಯೆಲ್ಲ ಸೊಟ್ಟ ಮಾಡ್ಕೊಂಡು ನಡೀತಿದ್ದಾಳೆ. ಹೀಗೇ ಆದ್ರೆ ಬೆನ್ನು ಕೆಡುತ್ತೆ.”

“ಒಂದು ಸುತ್ತಾದ್ರೂ ಮುಗಿಸು. ಇದಕ್ಕೇ ತಾನೇ ಇಷ್ಟು ದಿನ ನನ್ನ ಜೀವ ತಿಂದಿದ್ದು?”

“ಇಳಿಸು ಅಂದೆ.”

ಇಳಿಸಿದೆವು. ಅವನು ಆ ನೇರ ಮುಖಕ್ಕೆ ಹಣೆ ಒತ್ತಿ ಬಹಳ ಹೊತ್ತು ನಿಂತ. ಅವಳು ಬಿಸಿಯುಸಿರು ಬಿಡುತ್ತಾ ನಿಂತೇ ಇದ್ದಳು.

“ಇವಳನ್ನ ಬೀಜದ ಗಂಡಿನ ಹತ್ರ ಬಿಡೋಣ. ಇವಳ ಮರಿ ನಮ್ಮ ಲಾಯದಲ್ಲಿ ಬೆಳೀಬೇಕು.”

“ಕಿವಿ ಉದ್ದ ಬಂದ್ರೆ?” ಎಂದು ಕೆಣಕಿದೆ.

“ಬರ್ಲಿ.”

ಅತ್ತಿಗೆ ಮೆಲ್ಲಗೆ ಕೇಳಿದರು, “ಮತ್ತೆ ನಿಮ್ಮ ಸವಾರಿ?”

“ಆಯ್ತಲ್ಲ” ಎಂದ ಅಣ್ಣ. ಕೋಲನ್ನು ನನ್ನ ಕೈಗಿತ್ತು, ಆಡುವ ಒಂದೇ ಕೈಯಲ್ಲಿ ಜೀನಿನ ಪಟ್ಟಿ ಬಿಚ್ಚತೊಡಗಿದ.